ಇರುವಂತಿ ಎಂಬ ಹೆಸರಿನವರು

ನಮ್ಮೂರಿನಲ್ಲಿ ಒಂದೇ ಹೆಸರಿನವರಿಗೆಲ್ಲ ಬೀಳುವ ಕನಸು ಒಂದೇ. ನನ್ನ ಗಂಡನ ಹೆಸರು ಮಡಿವಾಳಪ್ಪ. ಅವರನ್ನೂ ಹಿಡಿದು ಊರಿನಲ್ಲಿ ಎಂಬತ್ನಾಲ್ಕು ಮಂದಿ ಮಡಿವಾಳಪ್ಪಗಳಿದ್ದಾರೆ. ಅವರ ಕನಸಿನಲ್ಲಿ ಒಂದು ದೊಡ್ಡ ಬಯಲಿದೆಯಂತೆ. ಅಷ್ಟೂ ಮಂದಿ ಸೇರಿ ಅಲ್ಲೊಂದು ಹಂದರ ಹಾಕುತ್ತಿರುತ್ತಾರೆ, ಗಳ ಎಲ್ಲಿ ನೆಡಬೇಕೆಂದು ಜಗಳವಾಡುತ್ತಿರುತ್ತಾರೆ, ಹಂದರ ಮುಗಿಯುವುದರೊಳಗೆ ಎಚ್ಚರವಾಗುತ್ತದೆ. ಉಳಿದ ಜಗಳವನ್ನು ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಮುಗಿಸುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಇದು ವಿಚಿತ್ರವೆನಿಸುತ್ತಿತ್ತು. ಈಗ ಅವರು ಚಹಾದಂಗಡಿಯಿಂದ ಸಿಟ್ಟಾಗಿ ಬಂದರೆ ಗಳ ವಾಲಿರಬೇಕು ಎಂದುಕೊಂಡು ಸುಮ್ಮನಾಗುತ್ತೇನೆ.

ಹೀಗಾಗಿ ನಮ್ಮಲ್ಲಿ ಕೂಸಿಗೆ ಹೆಸರಿಡುವಾಗ ಅರ್ಥ ಕೇಳುವುದು ಆಮೇಲೆ. ಮೊದಲು ಕೇಳುವುದು ಆ ಹೆಸರಿನಲ್ಲಿ ಎಷ್ಟು ಜನ ಇದ್ದಾರೆ, ಎಂಥವರಿದ್ದಾರೆ ಎಂದು. ಒಮ್ಮೆ ಚೆನ್ನವೀರ ಎಂಬವನೊಬ್ಬ ಮನೆಗಳ್ಳನೆಂದು ಗೊತ್ತಾದ ಮೇಲೆ ಹತ್ತು ವರ್ಷ ಊರಿನಲ್ಲಿ ಯಾರೂ ಮಗನಿಗೆ ಆ ಹೆಸರಿಡಲಿಲ್ಲ. ಜನ ಹೆಚ್ಚಿರುವ ಹೆಸರಿಗೇ ಜನ ಹೆಚ್ಚುತ್ತಾರೆ, ಕಡಿಮೆಯಾದ ಹೆಸರು ಇನ್ನೂ ಕಡಿಮೆಯಾಗುತ್ತದೆ. ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಕಿವಿಯಲ್ಲಿ ಹೆಸರು ಕರೆದಳೆಂದರೆ ಮುಗಿಯಿತು, ಮುಂದಿನ ನಿದ್ದೆಗೆ ಕೂಸು ಆ ಹೆಸರಿನ ಕನಸಿಗೆ ಬಂದುಬಿಡುತ್ತದೆ. ಮರುದಿನ ಹೊಸ ತಾಯಂದಿರು ಆ ಹೆಸರಿನವರ ಮನೆಗೆ ಹೋಗಿ, ನನ್ನ ಕೂಸು ಅಲ್ಲಿ ಅತ್ತಿತೇ, ಯಾರು ಎತ್ತಿಕೊಂಡಿರಿ ಎಂದು ಕೇಳುವುದು ರೂಢಿ. ತಾಯಿ ತನ್ನ ಹೆಸರನ್ನೇ ಮಗಳಿಗಿಡುವ ಪದ್ಧತಿ ನಮ್ಮಲ್ಲಿಲ್ಲ. ತನ್ನ ಕೂಸು ನಿದ್ದೆ ಹೋದ ಮೇಲೆ ಎಲ್ಲಿಗೆ ಹೋಗುತ್ತದೆಂದು ತಾಯಿಗೆ ಎಂದೂ ಕಾಣುವುದಿಲ್ಲವಲ್ಲ.

ನನ್ನ ಹೆಸರು ಇರುವಂತಿ. ಈ ಹೆಸರಿನ ಅರ್ಥದ ಬಗ್ಗೆ ಊರಿನಲ್ಲಿ ಎರಡು ಮಾತುಗಳಿವೆ. ಶಾಲೆಯಲ್ಲಿ ನಮಗೆ ಕಲಿಸಿದ ಮಾಸ್ತರರು ಅದು ಇರುವಂತಿಗೆ ಹೂವಿನಿಂದ ಬಂದದ್ದು, ಮಲ್ಲಿಗೆಯ ಜಾತಿಯದು ಎನ್ನುತ್ತಿದ್ದರು. ಹಳಬರು ಒಪ್ಪುತ್ತಿರಲಿಲ್ಲ. ಬಹಳ ಹಿಂದೆ ನಮ್ಮ ನದಿ ಒಂದು ಮಳೆಗಾಲದಲ್ಲಿ ಪಾತ್ರ ಬಿಟ್ಟು ಪಡುವಣಕ್ಕೆ ಸರಿದು ಹೋಯಿತಂತೆ. ಊರಿನವರೆಲ್ಲ ಗಂಟುಮೂಟೆ ಕಟ್ಟಿ ನದಿಯ ಬೆನ್ನು ಹತ್ತಿದರು. ದೋಣಿಗಟ್ಟೆಯಲ್ಲಿ ಹಾದಿಹೋಕರಿಗೆ ರೊಟ್ಟಿ ಸುಟ್ಟು ಹಾಕುತ್ತಿದ್ದ ಹೆಂಗಸೊಬ್ಬಳು ಮಾತ್ರ ಹೋಗಲಿಲ್ಲ. ಮೂರು ವರ್ಷದ ಮೇಲೆ ನದಿ ತಾನಾಗಿ ಹಳೆಯ ಜಾಗಕ್ಕೆ ಬಂತು, ಅದರ ಹಿಂದೆ ಜನವೂ ಬಂದರು. ನೋಡಿದರೆ ಅವಳ ಒಲೆ ಉರಿಯುತ್ತಿತ್ತು. ಅವಳ ನಿಜವಾದ ಹೆಸರು ಏನಿತ್ತೋ ಯಾರಿಗೂ ನೆನಪಿಲ್ಲ. ಇರುವಂಥಾಕಿ, ಇರುವಂಥಾಕಿ ಎಂದು ಕರೆದು ಕರೆದು ಬಾಯಿಯಲ್ಲಿ ಸವೆದು ಇರುವಂತಿ ಆಯಿತು. ಆ ಹತ್ತಿಪ್ಪತ್ತು ವರ್ಷ ಮೂರು ಮನೆಗೊಬ್ಬಳು ಇರುವಂತಿ ಹುಟ್ಟಿದಳಂತೆ. ಕಾಲ ಕಳೆದಂತೆ ಅವರೆಲ್ಲ ಒಟ್ಟಿಗೇ ಮುದುಕಿಯರಾದರು. ಬರೀ ಮುದುಕಿಯರಿರುವ ಕನಸಿಗೆ ಎಳೆಗೂಸನ್ನು ಯಾರು ಕಳಿಸುತ್ತಾರೆ? ಹೆಸರು ನಿಂತುಹೋಯಿತು.

ನಮ್ಮ ಕನಸಿನಲ್ಲಿರುವುದು ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಅಗಲವೆಂದರೆ ಅಗಲ, ಈ ತುದಿಯಲ್ಲಿ ನಿಂತರೆ ಆ ತುದಿ ಬಿಸಿಲಿನಲ್ಲಿ ಕರಗಿದಂತೆ ಕಾಣುತ್ತದೆ. ಅಲ್ಲಿ ಯಾವಾಗಲೂ ಇಳಿಹಗಲು. ಕಲ್ಲು ಬೆಚ್ಚಗಿರುತ್ತದೆ, ನೀರು ಹರಿಯುವುದಿಲ್ಲ, ಹಾಗೆಂದು ನಿಂತ ನೀರಿನಂತೆಯೂ ಇರುವುದಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಮೆಟ್ಟಿಲುಗಳ ಮೇಲೆ ನಾವು ಇಬ್ಬರೇ. ನಾನು, ಮತ್ತು ಸೂಲಗಿತ್ತಿ ಇರುವಂತೆವ್ವ. ಊರಿನ ಅರ್ಧ ಜನ ಹುಟ್ಟಿದ್ದು ಅವಳ ಕೈಯಲ್ಲಿ. ಹಗಲಿನಲ್ಲಿ ಅವಳು ಮಾತು ಕಡಿಮೆಯ, ಗಟ್ಟಿ ಮೈಯ ಹೆಂಗಸು. ಕನಸಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಅಂಬೆಗಾಲಿಡುವುದನ್ನು ನಾನು ಮನೆಯಲ್ಲಿ ಕಲಿಯುವ ಮೊದಲೇ ಅಲ್ಲಿ ಕಲಿತಿದ್ದೆ. ಅಲ್ಲಿ ಮೈ ಕಲಿತದ್ದು ಇಲ್ಲಿ ಬರುವುದಿಲ್ಲ, ಮತ್ತೆ ಕಲಿಯಬೇಕಾಗುತ್ತದೆ. ನಮ್ಮವ್ವ ಬೆಳಿಗ್ಗೆ ನೀರಿಗೆ ಹೋದಾಗ ಇರುವಂತೆವ್ವನನ್ನು ನಿಲ್ಲಿಸಿ ನನ್ನ ಸುದ್ದಿ ಕೇಳಿಕೊಂಡು ಬರುತ್ತಿದ್ದಳು.

ನನಗೆ ಹತ್ತೊಂಬತ್ತು ತುಂಬಿದಾಗ ಒಂದು ಸಂಬಂಧ ಬಂತು. ಹುಡುಗ ನನಗೆ ಒಪ್ಪಿಗೆಯಾಗಿದ್ದ, ಅವನಿಗೂ ನಾನು ಒಪ್ಪಿಗೆಯಾಗಿದ್ದೆ. ವೀಳ್ಯ ಹಿಡಿಯುವ ಹಿಂದಿನ ದಿನ ಅವನ ತಾಯಿ ಬೇಡವೆಂದಳು. ಮುದುಕಿಯೊಬ್ಬಳ ಜೊತೆ ಬೆಳೆದ ಹೆಣ್ಣು, ಆ ಮುದುಕಿ ಹೋದ ಮೇಲೆ ಕನಸಿನಲ್ಲಿ ಒಂಟಿಯಾಗುತ್ತಾಳೆ, ಒಂಟಿ ಕನಸಿನವರು ಹಗಲಲ್ಲೂ ಯಾರಿಗೂ ಹತ್ತಿರವಾಗುವುದಿಲ್ಲ ಎಂದಳಂತೆ. ನಾನು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ನನ್ನ ಚಿಕ್ಕಮ್ಮ, ಸಮಾಧಾನ ಹೇಳಲು ಬಂದವಳು, ನಿನ್ನ ಹೆಸರು ನಿನ್ನವ್ವ ಇಟ್ಟದ್ದಲ್ಲ ಎಂದಳು. ನಾನು ಹುಟ್ಟುವಾಗ ಅವ್ವನ ಜೀವಕ್ಕೆ ಬಂದಿತ್ತು. ಎರಡು ಹಗಲು ಪಕ್ಕದಿಂದ ಏಳದೆ ತಾಯಿ ಕೂಸು ಇಬ್ಬರನ್ನೂ ಉಳಿಸಿದವಳು ಇರುವಂತೆವ್ವ. ಕೈ ತೊಳೆದುಕೊಂಡು ಹೊರಡುವಾಗ, ಈ ಕೂಸಿಗೆ ನನ್ನ ಹೆಸರಿಡು ಎಂದು ಕೇಳಿದಳಂತೆ. ಆ ಹೊತ್ತಿನಲ್ಲಿ ಅವ್ವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಅಂದರೆ ತನ್ನ ಜೊತೆಗೆಂದು ಅವಳು ನನ್ನನ್ನು ಬೇಡಿ ತೆಗೆದುಕೊಂಡಿದ್ದಳು. ಅಂದಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ. ಹಗಲಿನಲ್ಲಿ ಎದುರು ಬಂದರೆ ಓಣಿ ಬದಲಿಸುತ್ತಿದ್ದೆ. ಕನಸಿನಲ್ಲಿ ಓಣಿ ಬದಲಿಸಲು ಆಗುವುದಿಲ್ಲ. ಹಾಗಾಗಿ ಹತ್ತು ಮೆಟ್ಟಿಲು ಆಚೆ ಹೋಗಿ ಅವಳಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಮೊದಲ ಕೆಲವು ದಿನ ಅವಳು ಕೂಸೇ ಎಂದು ಕರೆದಳು. ಆಮೇಲೆ ಕರೆಯುವುದನ್ನೂ ಬಿಟ್ಟಳು. ಮುಂದೆ ನಾನು ಕೌದಿ ಹೊಲಿಯಲು ಕಲಿತೆ. ಊರಿನ ಪ್ರತಿ ಹೆಸರಿಡುವ ಮನೆಗೂ ತೊಟ್ಟಿಲ ಕೌದಿ ನನ್ನ ಕೈಯಿಂದಲೇ ಹೋಗತೊಡಗಿತು. ಮೂವತ್ತಕ್ಕೆ ಮಡಿವಾಳಪ್ಪನವರು ನನ್ನನ್ನು ಮದುವೆಯಾದರು. ಒಂಟಿ ಹೆಸರಿನ ಹೆಣ್ಣೆಂದು ಯಾರೋ ಎಚ್ಚರಿಸಿದಾಗ, ನನ್ನ ಕನಸಿನ ಗದ್ದಲ ಇಬ್ಬರಿಗೆ ಸಾಕಾಗುತ್ತದೆ ಎಂದು ನಕ್ಕರಂತೆ. ನಮಗೆ ಮಕ್ಕಳಾಗಲಿಲ್ಲ. ಇಪ್ಪತ್ತೆಂಟು ವರ್ಷ ನಾನು ಅವಳಿಗೆ ಬೆನ್ನು ಮಾಡಿಯೇ ಕೂತೆ.

ಹೋದ ವರ್ಷ ಮಾಗಿಯಲ್ಲಿ ಒಂದು ಸಲ, ಹಾಗೆ ಕೂತಿದ್ದಾಗ, ಹಿಂದೆ ನೀರು ಕಲಕಿದ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಇರುವಂತೆವ್ವ ಕೊನೆಯ ಮೆಟ್ಟಿಲಿಗೆ ಇಳಿದು ಕೂತಿದ್ದಳು. ಪಾದ ಮುಳುಗಿದ್ದವು. ಮರುದಿನ ನೀರು ಅವಳ ಮೊಣಕಾಲಿಗೆ ಬಂದಿತ್ತು. ಎಲ್ಲ ಹೆಸರುಗಳ ಕನಸಿನಲ್ಲೂ ಹೋಗುವವರಿಗೆ ಒಂದು ದಾರಿ ಇರುತ್ತದೆ. ಮಡಿವಾಳಪ್ಪಗಳಲ್ಲಿ ಹೋಗುವವನು ಹಂದರದ ಕೆಲಸ ಬಿಟ್ಟು ಬಯಲಿನಂಚಿಗೆ ನಡೆಯತೊಡಗುತ್ತಾನೆ. ನಮ್ಮದರಲ್ಲಿ ನೀರು.

ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಅವಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯವಳು ಗಂಜಿ ಕುಡಿಸಿ ಬಟ್ಟಲು ತೊಳೆಯುತ್ತಿದ್ದಳು. ಇರುವಂತೆವ್ವ ಹೊರಸಿನ ಮೇಲೆ ಮಲಗಿದ್ದಳು. ಎಂಬತ್ತಾರರ ಆ ಮೈ ಇಷ್ಟು ಕುಗ್ಗಿದೆಯೆಂದು ನನಗೆ ಗೊತ್ತಿರಲಿಲ್ಲ, ಕನಸಿನಲ್ಲಿ ಅವಳು ಇನ್ನೂ ಗಟ್ಟಿಮುಟ್ಟಾಗಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕೂರಲು ಹೊರಸಿನ ಅಂಚು ತೋರಿಸಿದಳು.

"ನೀರು ಮೊಣಕಾಲತನಕ ಬಂದೈತಿ," ನಾನು ಹೇಳಿದೆ.

"ಗೊತ್ತೈತಿ. ಬೆಚ್ಚಗೈತಿ," ಎಂದಳು.

ಇಪ್ಪತ್ತೆಂಟು ವರ್ಷದ ಮೇಲೆ ನಾವಾಡಿದ ಮೊದಲ ಮಾತು ಅದು. ಆಮೇಲೆ ಅವಳು ತಾನಾಗಿಯೇ ಹೇಳತೊಡಗಿದಳು. ನನಗಿಂತ ಮೊದಲು ಆ ಹೆಸರಿನವರಲ್ಲಿ ಕೊನೆಗೆ ಹುಟ್ಟಿದವಳು ತಾನಂತೆ. ಸಣ್ಣವಳಿದ್ದಾಗ ಮೆಟ್ಟಿಲುಗಳ ಮೇಲೆ ನಲವತ್ತು ಮಂದಿ ಅಜ್ಜಿಯರಿದ್ದರು. ಒಬ್ಬಳು ತಲೆ ಬಾಚಿದರೆ ಇನ್ನೊಬ್ಬಳು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ತನ್ನ ಕಾಲು ನೆಲ ಮುಟ್ಟಲು ಬಿಡುತ್ತಿರಲಿಲ್ಲ. ಅವರೆಲ್ಲ ಒಬ್ಬೊಬ್ಬರಾಗಿ ನೀರಿಗಿಳಿದರು. ಕೊನೆಯವಳು ಇಳಿದಾಗ ಇರುವಂತೆವ್ವನಿಗೆ ಇಪ್ಪತ್ತೆಂಟು.

"ಹನ್ನೊಂದು ವರ್ಷ ನಾ ಒಬ್ಬಾಕೀನ ಅಲ್ಲಿ ಕುಂತೆ," ಎಂದಳು. "ನೂರಾರು ಕೂಸು ಈ ಕೈಯಾಗ ಹುಟ್ಟಿದವು. ಒಬ್ಬರ ಮನಿಯಾಗೂ ಬಾಯಿ ಬಿಡಲಿಲ್ಲ. ನೀ ಹುಟ್ಟಿದಾಗ ತಡಕೊಳ್ಳಾಕ ಆಗಲಿಲ್ಲ. ತಪ್ಪು ನಂದ."

ನಾನು ಬೆನ್ನು ತಿರುಗಿಸಿದ ಮೇಲೆ ಬೇರೆ ಯಾರ ಮನೆಯಲ್ಲೂ ಯಾಕೆ ಕೇಳಲಿಲ್ಲವೆಂದು ಕೇಳಿದೆ. ಕೇಳಿದ್ದರೆ ಇಲ್ಲವೆನ್ನುವವರು ಊರಿನಲ್ಲಿ ಯಾರಿದ್ದರು?

"ಬೆನ್ನು ಮಾಡಿ ಕುಂತರೂ ಅಲ್ಲೇ ಕುಂತಿದ್ದೆಲ್ಲ ನೀ. ನನಗ ಅಷ್ಟ ಸಾಕಿತ್ತು," ಎಂದಳು.

ನನಗೆ ಅಳು ಬರಲಿಲ್ಲ. ಅವಳ ಪಾದಗಳ ಮೇಲೆ ಹೊದಿಕೆ ಸರಿಮಾಡಿದೆ, ಅಷ್ಟೇ. ಅಂದು ಮಧ್ಯಾಹ್ನ ನಾನೂ ಅವಳೂ ಒಂದೇ ಹೊತ್ತಿಗೆ ನಿದ್ದೆ ಹೋದೆವು. ಮೆಟ್ಟಿಲು ಇಳಿದು ಹೋಗಿ ಅವಳ ಪಕ್ಕ ಕೂತೆ. ಅಲ್ಲಿಂದ ಹತ್ತೊಂಬತ್ತು ದಿನ ಹಗಲು ಅವಳ ಮನೆಯಲ್ಲಿರುತ್ತಿದ್ದೆ, ನಿದ್ದೆ ಬಂದರೆ ಅಲ್ಲಿಯೂ ಅವಳ ಪಕ್ಕದಲ್ಲೇ ಇರುತ್ತಿದ್ದೆ. ಅವಳು ನಲವತ್ತು ಅಜ್ಜಿಯರ ಬಗ್ಗೆ ಹೇಳುತ್ತಿದ್ದಳು. ಇಂಥವಳು ಎಲ್ಲಿ ಕೂರುತ್ತಿದ್ದಳು, ಇನ್ನೊಬ್ಬಳಿಗೆ ಎಂಥ ಕೆಮ್ಮಿತ್ತು, ಮತ್ತೊಬ್ಬಳು ಹೇಗೆ ಕಾರಣವಿಲ್ಲದೆ ನಗುತ್ತಿದ್ದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಇಪ್ಪತ್ತನೆಯ ದಿನ ನಾನು ಅಲ್ಲಿಗೆ ಹೋದಾಗ ನೀರಿನ ಮೇಲೆ ಒಂದು ಸುತ್ತು ಅಲೆ ಮಾತ್ರ ಅಗಲವಾಗುತ್ತಿತ್ತು. ಎದ್ದು ಅವಳ ಮನೆಗೆ ಹೋದೆ. ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತಿದ್ದಳು.

ಒಂಟಿಯಾಗಿರುವುದೆಂದರೆ ಏನೆಂದು ಆಮೇಲೆ ತಿಳಿಯಿತು. ಭಯವಾಗುವುದಿಲ್ಲ. ಕಲ್ಲು ಹಾಗೇ ಬೆಚ್ಚಗಿರುತ್ತದೆ, ಬಿಸಿಲು ಹಾಗೇ ಇಳಿಯುತ್ತಿರುತ್ತದೆ. ಆದರೆ ಕೂಗಿದರೆ ದನಿ ಹೋಗಿ ಆಚೆ ದಡಕ್ಕೆ ತಾಗಿ ಮರಳುವಷ್ಟರಲ್ಲಿ ನಾನೇ ಕೂಗಿದ್ದೆಂಬುದು ಮರೆತುಹೋಗಿರುತ್ತದೆ. ಯಾರೋ ಕರೆದರೆಂದು ಎದ್ದು ನಿಲ್ಲುತ್ತಿದ್ದೆ. ಹಗಲಿನಲ್ಲೂ ಹಾಗೇ ಆಗತೊಡಗಿತು. ಸೂಜಿ ಹಿಡಿದು ಕೂತವಳು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಮಡಿವಾಳಪ್ಪನವರು ಎರಡು ತಿಂಗಳು ನೋಡಿದರು. ಒಂದು ದಿನ ಊಟಕ್ಕೆ ಕೂತಾಗ, ಹೆಸರು ಬದಲಿಸಿಕೋ ಎಂದರು. ನಮ್ಮಲ್ಲಿ ಅದಕ್ಕೆ ತಡೆಯಿಲ್ಲ. ಗಂಡನ ಅಕ್ಕನೋ ತಂಗಿಯೋ ಕಿವಿಯಲ್ಲಿ ಮೂರು ಸಲ ಹೊಸ ಹೆಸರು ಕರೆದರಾಯಿತು. ದಾನೇಶ್ವರಿ ಎಂಬ ಹೆಸರನ್ನೂ ಅವರೇ ಆರಿಸಿದ್ದರು. ಊರಿನಲ್ಲಿ ನೂರ ಅರವತ್ತು ಮಂದಿ ಇದ್ದಾರೆ, ಅಲ್ಲಿ ನಿನಗೆ ಬೇಸರವೆಂಬುದೇ ಬರುವುದಿಲ್ಲ ಎಂದರು. ನಾನು ಹೂಂ ಎಂದೆ. ಮುಂದಿನ ಸೋಮವಾರಕ್ಕೆ ಅವರ ಅಕ್ಕ ಬರುವುದೆಂದು ನಿಗದಿಯಾಯಿತು.

ಅದೇ ವಾರ ದಾನೇಶ್ವರಿ ಎಂಬ ಬಾಣಂತಿ, ಗಿರಣಿ ಓಣಿಯವಳು, ಹೆಣ್ಣುಗೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಭಾನುವಾರ ಹೆಸರಿಡುವುದಿತ್ತು, ತೊಟ್ಟಿಲ ಕೌದಿಗೆಂದು ತನ್ನ ಹಳೆಯ ಸೀರೆಗಳನ್ನು ತಂದಿದ್ದಳು. ಇಪ್ಪತ್ತೆರಡು ವರ್ಷವಿರಬೇಕು. ಮನೆಯಲ್ಲಿ ಹೆಸರಿನ ಮಾತು ಇನ್ನೂ ಮುಗಿದಿಲ್ಲವೆಂದಳು. ಅತ್ತೆ ಮಂದಿ ಇರುವ ಹೆಸರೇ ಆಗಬೇಕೆನ್ನುತ್ತಾಳೆ. ನಾನು ಸೀರೆ ಬಿಡಿಸುತ್ತ, ನಿಮ್ಮ ಕನಸು ಹೇಗಿರುತ್ತದೆ ಎಂದು ಕೇಳಿದೆ. ನಾನೂ ಅಲ್ಲಿಗೆ ಬರುವವಳೆಂದು ಆಗಲೇ ಹೇಳಲಿಲ್ಲ. ಅವಳು ಸ್ವಲ್ಪ ಯೋಚಿಸಿ, ಸಂತೆಯಂತಿರುತ್ತದೆ ಎಂದಳು. ನೂರ ಅರವತ್ತು ಹೆಂಗಸರು ಎಲ್ಲಿಗೋ ಹೊರಟು ನಿಂತಿರುತ್ತಾರೆ, ಒಬ್ಬರನ್ನೊಬ್ಬರು ಸರಿಸಿಕೊಂಡು ನಡೆಯುತ್ತಾರೆ. ಅವಳಿಗೆ ಹೆಸರಿಟ್ಟ ಮರುದಿನ ಅವಳ ತಾಯಿ ಹದಿನೇಳು ಮನೆ ತಿರುಗಿದ್ದಳಂತೆ, ನನ್ನ ಕೂಸನ್ನು ಯಾರು ನೋಡಿದಿರಿ ಎಂದು. ಯಾರೂ ನೋಡಿರಲಿಲ್ಲ. ಆ ವಾರ ಆರು ದಾನೇಶ್ವರಿಗಳು ಹುಟ್ಟಿದ್ದರು.

"ಇವತ್ತಿಗೂ ಅಲ್ಲಿ ನನ್ನ ಗುರತು ಹಿಡಿಯೋರು ಯಾರೂ ಇಲ್ರಿ," ಎಂದಳು. ದೂರುವ ದನಿಯಾಗಿರಲಿಲ್ಲ, ಇದ್ದದ್ದನ್ನು ಹೇಳಿದಳು. ಆಮೇಲೆ ನನ್ನ ಹೆಸರಿನ ಅರ್ಥವೇನೆಂದು ಕೇಳಿದಳು.

ನಾನು ಮಾಸ್ತರರ ಹೂವಿನ ಮಾತು ಹೇಳಿದೆ, ಹಳಬರ ಮಾತೂ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ಮಡಿಲಿನ ಪಕ್ಕದಲ್ಲೇ ಕೂಸು ಮಲಗಿತ್ತು, ಹೆಸರಿಲ್ಲದ ಕೂಸು, ಯಾವ ಕನಸಿಗೂ ಹೋಗದೆ ಬರಿದೆ ನಿದ್ದೆ ಮಾಡುತ್ತಿತ್ತು. ಇರುವಂತೆವ್ವ ಹೊರಸಿನ ಮೇಲೆ ಮಲಗಿ ಹೇಳಿದ ಆ ಹನ್ನೊಂದು ವರ್ಷದ ಆಸೆ ನನಗೂ ಹುಟ್ಟಿತು. ಆ ಆಸೆ ನನ್ನಿಂದ ಮೋಸ ಮಾಡಿಸಬಾರದೆಂದೇ ಎಲ್ಲವನ್ನೂ ಹೇಳಿದೆ. ನಲವತ್ತು ಅಜ್ಜಿಯರು ಹೇಗೆ ಹೋದರು, ನನ್ನ ಸಂಬಂಧ ಯಾಕೆ ಮುರಿಯಿತು, ನಾನು ಎಷ್ಟು ವರ್ಷ ಬೆನ್ನು ಮಾಡಿ ಕೂತೆ, ಈ ಎರಡು ತಿಂಗಳು ಏನಾಗಿದೆ, ಎಲ್ಲವನ್ನೂ. ನಾನು ಸತ್ತ ಮೇಲೆ ನಿನ್ನ ಮಗಳು ನನ್ನಂತೆಯೇ ಒಬ್ಬಳೇ ಕೂರಬೇಕಾಗುತ್ತದೆ, ಈ ಹೆಸರು ಇಡಬೇಡ ಎಂದೆ. ಸೋಮವಾರ ನಾನೂ ಈ ಹೆಸರು ಬಿಡುವವಳಿದ್ದೇನೆ, ನಿಮ್ಮಲ್ಲಿಗೇ ಬರುತ್ತೇನೆ ಎಂದೂ ಹೇಳಿದೆ.

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದಳು. "ಅಕ್ಕಾರ, ಆಕಿ ನಿಮ್ಮನ್ನ ಎತಗೊಂಡು ತಿರಗತಿದ್ಲಾ, ದಿನಾ?" ಎಂದು ಕೇಳಿದಳು.

"ದಿನಾ," ಎಂದೆ.

"ನೀವು ಅಲ್ಲೇ ಇರತೀರಂದ್ರ ಹೇಳ್ರಿ, ನಾ ಇಡತೀನಿ. ಮುಂದಿಂದು ನನ್ನ ಮಗಳು ನೋಡಿಕೋತಾಳ. ಬೇಕಂದ್ರ ಬದಲು ಮಾಡಲಿ, ಇಲ್ಲಂದ್ರ ಇನ್ನೊಬ್ಬರನ್ನ ಕರಕೊಳ್ಳಲಿ. ಮೊದಲನೇ ದಿನ ಒಬ್ಬರಾದ್ರೂ ಎತಗೋಬೇಕ್ರಿ ಆಕೀನ."

ನಾನು ಬಿಡಿಸಿದ ಸೀರೆಗಳನ್ನು ಮಡಚತೊಡಗಿದೆ. ಅವಳು ಒತ್ತಾಯ ಮಾಡಲಿಲ್ಲ, ಶನಿವಾರದವರೆಗೆ ಕಾಯುತ್ತೇನೆಂದು ಹೇಳಿ ಕೂಸನ್ನೆತ್ತಿಕೊಂಡು ಹೋದಳು. ಮೂರು ದಿನ ಕೌದಿ ಹೊಲಿದೆ. ನನಗೆ ಆ ಕೂಸಿನ ಜೊತೆ ಬೇಕಾಗಿದೆ ಎಂಬುದು ಗೊತ್ತಿತ್ತು. ಬೇಕಾಗಿದೆ ಎಂಬ ಕಾರಣಕ್ಕೇ ಹೆದರಿಕೆಯಾಗುತ್ತಿತ್ತು. ಆದರೆ ಇರುವಂತೆವ್ವ ಕೂಸನ್ನು ತಾನೇ ಬೇಡಿದ್ದಳು, ಇಲ್ಲಿ ಕೂಸಿನ ತಾಯಿಯೇ ನನ್ನನ್ನು ಬೇಡುತ್ತಿದ್ದಾಳೆ. ಎರಡೂ ಒಂದೇ ಅಲ್ಲವೆಂದು ಹೊಲಿಗೆ ಹಾಕುತ್ತ ಹಾಕುತ್ತ ನನಗೆ ನಿಧಾನವಾಗಿ ಅರ್ಥವಾಯಿತು. ಶನಿವಾರ ಮುಂಜಾನೆ ಗಂಡನಿಗೆ, ಅಕ್ಕ ಬರುವುದು ಬೇಡವೆಂದು ಹೇಳಿಕಳಿಸಿ ಎಂದೆ. ಅವರು ಚಪ್ಪಲಿ ಮೆಟ್ಟುತ್ತ ನನ್ನನ್ನೊಮ್ಮೆ ನೋಡಿದರು. ಚಹಾದಂಗಡಿಗೆ ಹೋಗದೆ ನೇರವಾಗಿ ಅಕ್ಕನ ಊರಿನ ದಾರಿ ಹಿಡಿದರು. ನಾನು ಗಿರಣಿ ಓಣಿಗೆ ಹೋಗಿ ಕೌದಿ ಕೊಟ್ಟು, "ಇರತೀನಿ," ಎಂದೆ.

ಭಾನುವಾರ ಹೆಸರಿಟ್ಟರು. ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಕರೆಯುವಾಗ ದಾನೇಶ್ವರಿಯ ಅತ್ತೆ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಪಾಯಸ ಉಂಡು ಮನೆಗೆ ಬಂದು ಚಾಪೆಯ ಮೇಲೆ ಅಡ್ಡಾದೆ. ಬಹಳ ಹೊತ್ತು ನಿದ್ದೆಯೇ ಹತ್ತಲಿಲ್ಲ. ಹತ್ತಿದಾಗ ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ. ಬಿಸಿಲಿನಲ್ಲಿ ಅತ್ತ ತುದಿಯವರೆಗೂ ನಡೆದೆ, ಅಷ್ಟು ದೂರ ನಾನು ಹಿಂದೆಂದೂ ಹೋಗಿರಲಿಲ್ಲ. ಅಲ್ಲಿ ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಅವಳು ಮಲಗಿದ್ದಳು. ಬರಿಮೈ, ಮುಷ್ಟಿ ಬಿಗಿದುಕೊಂಡು, ಮುಖ ಕೆಂಪು ಮಾಡಿಕೊಂಡು ಅಳುತ್ತಿದ್ದಳು. ಅಷ್ಟು ದೊಡ್ಡ ಅಳು ಆ ನೀರಿನ ಮೇಲೆ ಹೋಗಿ ಆಚೆ ದಡಕ್ಕೆ ತಾಗಿ ಮರಳುತ್ತಿತ್ತು. ಎತ್ತಿಕೊಂಡೆ.

ಮರುದಿನ ದಾನೇಶ್ವರಿ ನಮ್ಮ ಮನೆಗೆ ಬರುವವರೆಗೆ ನಾನು ಕಾಯಲಿಲ್ಲ, ನಾನೇ ಹೋದೆ. ಅವಳು ಒಳಗೆ ಕರೆದು ಬಾಗಿಲು ಮುಚ್ಚಿ ಎಲ್ಲವನ್ನೂ ಕೇಳಿದಳು. ಅತ್ತಳೇ, ಎಷ್ಟು ಹೊತ್ತು ಅತ್ತಳು, ಹೇಗೆ ಸುಮ್ಮನಾದಳು, ಅಲ್ಲಿ ಚಳಿಯಿದೆಯೇ. ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳಿಸಿದಳು. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಕೂಸು ಎದ್ದು ರಾಗ ತೆಗೆಯಿತು. ಅಡಿಗೆಮನೆಯಿಂದ ಅತ್ತೆ ಬಂದು ಎತ್ತಿ ತಟ್ಟಿದಳು, ಸುಮ್ಮನಾಗಲಿಲ್ಲ. ತಾಯಿ ತೆಗೆದುಕೊಂಡು ಮೊಲೆಗೆ ಹಚ್ಚಿದಳು, ಮುಖ ತಿರುಗಿಸಿತು. ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಹನ್ನೆರಡು ದಿನದ ಕೂಸಿಗೆ ಕಣ್ಣು ನಿಲ್ಲುವುದಿಲ್ಲ, ಯಾರ ಮುಖವೂ ತಿಳಿಯುವುದಿಲ್ಲ ಎನ್ನುತ್ತಾರೆ. ಅದು ಅಳುತ್ತಿದ್ದದ್ದನ್ನು ಅರ್ಧಕ್ಕೇ ನಿಲ್ಲಿಸಿ, ಒದ್ದೆ ರೆಪ್ಪೆಗಳನ್ನು ಅಗಲ ಮಾಡಿ ನನ್ನನ್ನು ನೋಡಿತು. ಬಾಗಿಲ ಬಳಿ ನಿಂತಿದ್ದ ಅತ್ತೆ ಅದನ್ನು ನೋಡಿ ಒಳಗೆ ಹೋಗಿ ಮಣೆ ತಂದು ನನ್ನ ಹಿಂದೆ ಇಟ್ಟು, ಕೂಡು ಎಂದಳು.